ಬ್ಯಾರನ್ನಿನೊಳಗೆ ಒಂದು ಬಾಗಿಲು

ಪುಟ್ಟಲಕ್ಷ್ಮಿ ಕೂಗಿದ್ದು ಶಿವನಂಜಪ್ಪನಿಗೆ ಕೇಳಿಸಲಿಲ್ಲ. ಕೇಳಿಸುವುದಾದರೂ ಹೇಗೆ? ಅವನ ಕೈಯಲ್ಲಿದ್ದ ಬ್ಲೋಲ್ಯಾಂಪು ಭರ್ರೆಂದು ನೀಲಿ ಉರಿ ಉಗುಳುತ್ತಿತ್ತು. ಅವನೋ ಒಂದು ಕಣ್ಣು ಕಿರಿದು ಮಾಡಿ, ನಾಲಿಗೆಯ ತುದಿ ಕಚ್ಚಿಕೊಂಡು, ಕಾರಿನ ಮೂತಿಗೆ ಉರಿ ಹಿಡಿದು ಮೈಮರೆತಿದ್ದ. ಜಗುಲಿಯಿಂದ ಅಲ್ಲಿಗೆ ಓಡುವುದು ಅವಳ ಕಾಲಿಗೆ ಆಗುವ ಮಾತಲ್ಲ. ಕೈಗೆ ಸಿಕ್ಕಿದ್ದು ಊರುಗೋಲು. ಅದನ್ನೇ ಬೀಸಿ ಒಗೆದಳು. ಅದು ನೇರವಾಗಿ ಹೋಗಿ ಅವನ ಮೊಣಕಾಲ ಕೆಳಗೆ ಬಡಿಯಿತು.

"ಅಯ್ಯಯ್ಯಪ್ಪಾ! ಏನ್ರವ್ವ ಇದು, ಕರೆಸ್ಬುಟ್ಟು ಒಡೀತೀರಲ್ಲ!"

"ಬೆಂಕಿ ಆರಿಸ್ರೀ ಮೊದ್ಲು! ಬೆಂಕಿ ಮುಟ್ಟಿಸಬೇಡಿ ಅಂತ ಹೇಳಿದ್ನೋ ಇಲ್ವೋ?"

ಶಿವನಂಜಪ್ಪ ಬ್ಲೋಲ್ಯಾಂಪು ಆರಿಸಿ ನೋಡಿದ. ಮೂತಿಯ ಒಂದು ಅಂಗೈ ಅಗಲದ ಜಾಗ ಕರ್ರಗಾಗಿ ಉಬ್ಬಿ, ಉಬ್ಬಿದ್ದು ಒಡೆದು, ಒಳಗಿನಿಂದ ಬಿಳಿಯ ನಾರು ಎದ್ದು ನಿಂತಿತ್ತು. ವಾಸನೆಯಂತೂ ಕೇಳಬೇಡಿ. ಹಟ್ಟಿಯಲ್ಲಿದ್ದ ಎತ್ತುಗಳು ಕೂಡ ಮೂಗು ಕೊಡವಿದವು.

"ತಗಡಲ್ವ ಇದು?" ಎಂದು ಅವನು ಪೆಚ್ಚಾಗಿ ಕೇಳಿದ.

"ತಗಡಾಗಿದ್ರೆ ನಿಮ್ಮನ್ಯಾಕೆ ಹುಣಸೂರಿಂದ ಕರೆಸ್ತಿದ್ದೆ? ಫೈಬರ್ ಕಣ್ರೀ. ಗಾಜಿನ ನಾರು, ಅದಕ್ಕೆ ಅಂಟು, ಅಷ್ಟೇ ಈ ಕಾರು. ಮಾರಿದ ಸಾಹುಕಾರರು ಸಾರಿ ಸಾರಿ ಹೇಳಿ ಕಳಿಸಿದ್ರು, ಬಣ್ಣ ತೆಗೆಸೋದಾದ್ರೆ ಬೆಂಕಿ ಮಾತ್ರ ಬೇಡ ಅಂತ."

ಹುಣಸೂರಿನ ಅರ್ಧ ಬಸ್ಸುಗಳ ಹಳೇ ಬಣ್ಣ ಸುಟ್ಟು ತೆಗೆದ ಕೈ ಶಿವನಂಜಪ್ಪನದು. ಸೋತೆ ಎಂದು ಒಪ್ಪಿಕೊಳ್ಳುವ ಆಸಾಮಿಯಲ್ಲ. ಚೀಲದಿಂದ ಒಂದು ಡಬ್ಬಿ ತೆಗೆದ. ಬಣ್ಣ ಕರಗಿಸುವ ಔಷಧಿ, ಹಚ್ಚಿದರೆ ಬಣ್ಣ ತಾನಾಗೇ ಸಿಪ್ಪೆ ಎದ್ದು ಬರುತ್ತದೆ ಎಂದ. ಪುಟ್ಟಲಕ್ಷ್ಮಿ ಬಿಡಲಿಲ್ಲ; ಕಾರಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಒಂದು ಮೂಲೆಗೆ ಹಚ್ಚಿ ತೋರಿಸಿ ಎಂದಳು. ಹಚ್ಚಿದರು, ಕಾದರು. ಬಣ್ಣವೇನೋ ಎದ್ದು ಬಂತು. ಅದರ ಜೊತೆಗೆ ಕೆಳಗಿನ ಮೈಯೂ ಮೆತ್ತಗಾಗಿ, ಉಗುರು ಒತ್ತಿದರೆ ಅಚ್ಚು ಮೂಡುವಂತಾಯಿತು. ಶಿವನಂಜಪ್ಪ ಹೌಹಾರಿ ಕೊಡಗಟ್ಟಲೆ ನೀರು ಸುರಿದು ತೊಳೆದ.

"ಇದು ಎಳೆಕೂಸು ಕಣ್ರವ್ವ," ಎಂದ ಕೊನೆಗೆ, ಡಬ್ಬಿ ಮುಚ್ಚುತ್ತಾ. "ಇದ್ಕೆ ನೀರ್ ಪೇಪರ್ ಒಂದೇ ದಾರಿ. ನೀರು ಬುಟ್ಕಂಡು, ಬುಟ್ಕಂಡು, ಮೆತ್ತಗೆ ಉಜ್ಜಬೇಕು. ಒಣ ಉಜ್ಜೀರಾ, ಜೋಕೆ! ಪುಡಿ ಎದ್ದು ಎದೆಗೋಯ್ತದೆ. ಮೂಗಿಗೆ ಬಟ್ಟೆ ಕಟ್ಕಳಿ, ತುಂಬು ತೋಳಿನ ಅಂಗಿ ಆಕ್ಕಳಿ. ಸುಟ್ಟಿರೋ ಜಾಗ ನಾನು ಮೆತ್ತಿ ಸರಿ ಮಾಡ್ತೀನಿ. ಆದ್ರೆ ಉಜ್ಜೋದು ನನ್ನಿಂದಾಗಾಕಿಲ್ಲ. ಹಬ್ಬಕ್ಕೆ ಬಸ್ಸುಗಳು ಸಾಲಾಗಿ ನಿಂತವೆ. ನೀವು ಬೋಳು ಮಾಡಿ ಇಡಿ, ಭಾನುವಾರ ಬಂದು ಬಣ್ಣ ಒಡ್ದು ಕೊಡ್ತೀನಿ."

ಕುಂಟುತ್ತಾ ಬಸ್ಸಿಗೆ ಹೋದ. ಕಾಲಿಗೆ ಬಿದ್ದ ಏಟಿನ ಮಾತು ಮತ್ತೆ ಎತ್ತಲಿಲ್ಲ.

ಅದು ಮೂರು ಚಕ್ರದ ಪುಟ್ಟ ಕಾರು. ಎಡಗಡೆಗೆ ಒಂದೇ ಒಂದು ಬಾಗಿಲು. ಓಡಿಸುವವರೂ ಅದರಲ್ಲೇ ಹತ್ತಿ ಆಚೆಗೆ ಸರಿದು ಕೂರಬೇಕು. ಪುಟ್ಟಲಕ್ಷ್ಮಿ ಬೆಟ್ಟದಪುರದ ಶಾಲೆಯಲ್ಲಿ ಮೇಡಂ. ಎಳವೆಯಲ್ಲಿ ಜ್ವರ ಬಂದು ಎಡಗಾಲು ಸೊರಗಿತ್ತು. ಶಾಲೆಗೆ ಹೋಗಿಬರುವುದು ಮನೆಯ ಎತ್ತಿನ ಗಾಡಿಯಲ್ಲಿ. ಕುಶಾಲನಗರದ ಕಡೆಯ ಕಾಫಿ ಸಾಹುಕಾರರೊಬ್ಬರು ಹಳೆಯ ಕಾರು ಮಾರುತ್ತಾರೆಂದು ತಿಳಿದು, ಯಾರ ಮಾತೂ ಕೇಳದೆ ಹೋಗಿ ತಂದಿದ್ದಳು. ಕ್ಲಚ್ಚನ್ನು ಕೈಯಲ್ಲೇ ಹಿಡಿಯುವ ಹಾಗೆ ಮೈಸೂರಿನ ಮೆಕ್ಯಾನಿಕ್ಕನಿಂದ ಮಾಡಿಸಿ, ಕೆರೆ ಏರಿಯ ಮೇಲೆ ಓಡಿಸಿ ಓಡಿಸಿ ಕಲಿತಿದ್ದಳು. ಊರಿನ ನಾಯಿಗಳೆಲ್ಲಾ ಅದರ ಹಿಂದೆ ಬೊಗಳಿ ಸುಸ್ತಾಗಿದ್ದವು.

ತೊಂದರೆ ಇದ್ದದ್ದು ಬಣ್ಣದ್ದು. ಸಾಹುಕಾರರು ಹಿಂದಿನ ಎಲೆಕ್ಷನ್ನಿಗೆ ಕಾರನ್ನು ಯಾರಿಗೋ ಕೊಟ್ಟಿದ್ದರು. ಅವರು ಮೈತುಂಬಾ ಪಕ್ಷದ ಬಣ್ಣ ಬಳಿದು, ಮೂತಿಗೆ ಗುರುತು ಬರೆಸಿ, ಬಾಗಿಲ ಮೇಲೆ ಅಭ್ಯರ್ಥಿಯ ಮುಖವನ್ನೇ ಬರೆಸಿಬಿಟ್ಟಿದ್ದರು. ಕೆಂಪು ಪೇಟ, ಗಿರಿಜಾ ಮೀಸೆ, ಮುಗಿದ ಕೈ. ಆ ಮನುಷ್ಯ ಎಲೆಕ್ಷನ್ನಿನಲ್ಲಿ ಸೋತು ಮನೆ ಸೇರಿದ್ದ, ಮುಖ ಮಾತ್ರ ಬಾಗಿಲು ಬಿಟ್ಟು ಹೋಗಲಿಲ್ಲ. ಅದರ ಮೇಲೆ ಬಿಳಿ ಹೊಡೆಸಿದರೆ ಒಂದೇ ವಾರಕ್ಕೆ ಕೆಂಪು ಒಸರಿ ಮತ್ತೆ ಪೇಟ ಕಾಣಿಸಿತು. ಇನ್ನೊಂದು ಸಲ ಹೊಡೆಸಿದಳು, ಮೀಸೆ ಮೂಡಿತು. ಹೆಡ್ ಮಾಸ್ಟರ್ ಚಾಮಯ್ಯನವರು ಒಳ್ಳೆಯವರೇ, ಆದರೆ ಹೆದರುಪುಕ್ಕಲು. "ನೋಡಮ್ಮಾ, ನಾವು ಸರ್ಕಾರದ ಅನ್ನ ತಿನ್ನೋರು. ಈ ಮುಖ ಇಟ್ಕೊಂಡು ಕಾರು ಕಾಂಪೌಂಡ್ ಒಳಗೆ ಬಂದ್ರೆ ನಾಳೆ ಯಾರಾದ್ರೂ ಅರ್ಜಿ ಗುಜರಾಯಿಸ್ತಾರೆ. ದಸರಾ ರಜಾ ಮುಗಿಯೋದ್ರೊಳಗೆ ಇದನ್ನ ತೊಳೆಸಿಬಿಡು," ಎಂದಿದ್ದರು.

ಮನೆಯಲ್ಲಿ ತಮ್ಮ ಚಿಕ್ಕಬಸಪ್ಪನ ಮಾತು ಇನ್ನೂ ಸಾಫು. "ಸೋಮವಾರದಿಂದ ಗಾಡಿ ಕಟ್ಟಾಕಿಲ್ಲ ಕಣಕ್ಕ. ಎತ್ತು ಉಳೋದಕ್ಕೋ, ನಿನ್ನ ಒತ್ಕಂಡು ಓಗೋದಕ್ಕೋ? ಕಾರು ತಂದಿದೀನಿ ಅಂತ ಮೆರೆದ್ಯಲ್ಲ, ಅದ್ರಲ್ಲೇ ಓಗು. ಆಗ್ದಿದ್ರೆ ಮನೇಲಿರು. ನಿಂಗೇನು ಇಟ್ಟಿಲ್ವ, ಬಟ್ಟೆ ಇಲ್ವ?" ಅವನಲ್ಲಿ ಕೆಟ್ಟತನವೇನೂ ಇರಲಿಲ್ಲ. ದಿನಾ ಬೆಳಗ್ಗೆ ಸಂಜೆ ಗಾಡಿ ಹೊಡೆದು ಬೇಸತ್ತಿದ್ದ. ಆದರೆ 'ಮನೇಲಿರು' ಎನ್ನುವ ಆ ಒಂದು ಮಾತು ಪುಟ್ಟಲಕ್ಷ್ಮಿಗೆ ಎದೆಯಲ್ಲಿ ಮುಳ್ಳು ಮುರಿದಂತಾಗಿತ್ತು. ಮನೆಯಲ್ಲಿರುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಜಗುಲಿಯ ಕಂಬಕ್ಕೆ ಒರಗಿ, ಹೋಗುವವರನ್ನೂ ಬರುವವರನ್ನೂ ನೋಡುತ್ತಾ, 'ಪಾಪ' ಅನ್ನಿಸಿಕೊಳ್ಳುವುದು.

ಹಾಗಾಗಿ ಉಜ್ಜಲು ಕೂತಳು. ಜೊತೆಗೆ ಕೆಂಪಿ ಬಂದಳು. ಕಾಡಂಚಿನ ಹಾಡಿಯವಳು, ಹೊಗೆಸೊಪ್ಪಿನ ಕಾಲಕ್ಕೆ ಈ ಮನೆಗೆ ಎಲೆ ಕಟ್ಟಲು ಬರುವವಳು. ಇಬ್ಬರೂ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಒಬ್ಬರು ಚೊಂಬಿನಿಂದ ನೀರು ಬಿಟ್ಟರೆ ಇನ್ನೊಬ್ಬರು ಉಪ್ಪುಕಾಗದದಲ್ಲಿ ಉಜ್ಜಿದರು. ನೀರು ಕೆಂಪಗೆ, ಆಮೇಲೆ ಹಸಿರಾಗಿ, ಆಮೇಲೆ ಹಾಲಿನಂತೆ ಹರಿಯಿತು. ಹಾಲಿನಂತೆ ಬಂತೆಂದರೆ ನಿಲ್ಲಿಸಬೇಕು, ಇಲ್ಲದಿದ್ದರೆ ನಾರು ಏಳುತ್ತದೆ. ಎಷ್ಟು ಜೋಪಾನ ಮಾಡಿದರೂ ನಾರಿನ ಚೂರು ಮುಂಗೈಗೆ ಸೇರಿ ನವೆಯೋ ನವೆ.

"ನಸುಗುನ್ನಿ ಕಾಯಿ ವಾಸಿ ಕಣ್ರವ್ವ," ಎಂದಳು ಕೆಂಪಿ, ಮೊಣಕೈ ತುರಿಸುತ್ತಾ. "ಈ ಮೀಸೆಯಪ್ಪ ನಮ್ಮ ಆಡಿಗೂ ಬಂದಿದ್ದ, ಓಟು ಕೇಳಕ್ಕೆ. ರಸ್ತೆ ಮಾಡಿಸ್ಕೊಡ್ತೀನಿ ಅಂದಿದ್ದ. ಈಗ ನೋಡಿ, ಅವನ ಮಕ ತೊಳಿಯೋ ಕೆಲ್ಸ ನಂದೇ ಆಯ್ತು!"

ಒಂದು ಸಲ ಕೆಂಪಿ ಬೇಗ ಬಿಡಲೆಂದು ಹಂಡೆಯ ಕುದಿನೀರು ತಂದು ಮಡ್ಗಾರ್ಡಿಗೆ ಸುರಿದಳು. ಅಂಚು ಬೆಂದ ಸೌತೆಯಂತೆ ಮೆತ್ತಗಾಗಿ, ಬೆರಳು ಒತ್ತಿದ ಕಡೆಗೆ ಬಾಗಿತು. ಪುಟ್ಟಲಕ್ಷ್ಮಿ ಗಾಬರಿಯಿಂದ ಅದನ್ನು ಹಿಂದಕ್ಕೆ ಒತ್ತಿ, ತಣ್ಣಗಾಗುವ ತನಕ ಹಿಡಿದೇ ಕೂತಳು. ಗಟ್ಟಿಯಾದ ಮೇಲೆ ಸರಿಯಾಗೇ ಇತ್ತು. ಅಂದಿನಿಂದ ಬಿಸಿನೀರೂ ನಿಷೇಧ.

ಮೂತಿ ಮುಗಿಯಿತು, ಮಾಡು ಮುಗಿಯಿತು, ಹಿಂಭಾಗ ಮುಗಿಯಿತು. ಉಳಿದದ್ದು ಬಾಗಿಲು. ಅದರ ಮೇಲೆ ಬಣ್ಣ ಪದರದ ಮೇಲೆ ಪದರ ಕೂತಿತ್ತು. ಚೆನ್ನಾಗಿ ಉಜ್ಜಲೆಂದು ತಿರುಪು ಬಿಚ್ಚಿ ಅದನ್ನು ಕಳಚಿ, ಹೊಗೆಸೊಪ್ಪನ್ನು ಕಾವು ಕೊಟ್ಟು ಒಣಗಿಸುವ ಬ್ಯಾರನ್ನಿನ ಗೋಡೆಗೆ ಒರಗಿಸಿಟ್ಟಿದ್ದರು. ಅಷ್ಟರಲ್ಲಿ ಪುಟ್ಟಲಕ್ಷ್ಮಿಯ ಬೆರಳ ತುದಿಗಳು ಒಡೆದು ರಕ್ತ ಜಿನುಗಿತು. ಆಯುಧಪೂಜೆಗೆ ಕೃಷ್ಣರಾಜನಗರದ ಚಿಕ್ಕಮ್ಮ ಹೇಳಿ ಕಳಿಸಿದ್ದಳು. "ಓಗಿ ಬಾ ಕಣವ್ವ, ಕೈ ಮಾಯ್ಲಿ. ಬಾಗ್ಲು ಎಲ್ಲೋಯ್ತದೆ?" ಎಂದು ತಂದೆ ಜವರಯ್ಯನೇ ಬಲವಂತ ಮಾಡಿ ಬಸ್ಸು ಹತ್ತಿಸಿದ.

ಅವಳು ವಾಪಸು ಬಂದದ್ದು ಶನಿವಾರ ಬೆಳಗ್ಗೆ. ಮನೆಯೊಳಗೂ ಹೋಗದೆ ನೇರ ಬ್ಯಾರನ್ನಿನ ಹತ್ತಿರ ಹೋದಳು. ಗೋಡೆಗೆ ಒರಗಿಸಿದ್ದ ಬಾಗಿಲು ಇರಲಿಲ್ಲ.

ಚಿಕ್ಕಬಸಪ್ಪ ಬ್ಯಾರನ್ನಿನ ಒಲೆಯ ಮುಂದೆ ಸೌದೆ ಒಟ್ಟುತ್ತಿದ್ದ. ಅವನನ್ನು ನೋಡುತ್ತಿದ್ದಂತೆ ಅವಳಿಗೆ ನೆತ್ತಿಗೇರಿತು.

"ಎಲ್ಲೋ ಬಾಗಿಲು?"

"ಯಾವ ಬಾಗ್ಲು?"

"ನಾಟಕ ಆಡಬೇಡ ಕಣೋ! ಎಲ್ಲಿಗೆ ಎತ್ತಾಕಿದೆ ಹೇಳು. ಅಕ್ಕ ಮನೇಲಿ ಬಿದ್ದಿರ್ಲಿ ಅಂತ ತಾನೆ? ಸೋಮವಾರ ಸ್ಕೂಲು ಶುರು. ನಿನಗೆ ಎಷ್ಟು ದಿನದಿಂದ ಇತ್ತೋ ಈ ಯೋಚನೆ!"

ಚಿಕ್ಕಬಸಪ್ಪ ಕೈಯಲ್ಲಿದ್ದ ಸೌದೆ ಕೆಳಗೆ ಹಾಕಿದ. ಅವನ ಮುಖ ಬಾಡಿತು. "ಥೂ, ನಿನ್ ಬಾಯಿಗಿಷ್ಟು! ನಾನು ಬಯ್ತೀನಿ, ಅಂತದ್ದೆಲ್ಲ ಮಾಡಾಕಿಲ್ಲ ಕಣಕ್ಕ. ನಾನು ಅದನ್ನ ಮುಟ್ಟೂ ಇಲ್ಲ."

ಆಗ ಬ್ಯಾರನ್ನಿನ ಹಿಂದಿನಿಂದ ಜವರಯ್ಯ ಬಂದ. ಹೆಗಲ ಮೇಲೆ ಟವೆಲು, ನಿದ್ದೆಗೆಟ್ಟ ಕೆಂಪು ಕಣ್ಣು, ಬಾಯಿತುಂಬಾ ನಗು. ಮಗಳಿಗೆ ಏನೋ ತಿಂಡಿ ಬಚ್ಚಿಟ್ಟುಕೊಂಡು ಬಂದವನ ನಗು ಅದು.

"ಅವನ್ನ ಯಾಕೆ ಬಯ್ತೀಯವ್ವ? ಬಾಗ್ಲು ಎಲ್ಲೂ ಓಗಿಲ್ಲ. ಒಳಗದೆ."

"ಒಳಗೆ ಅಂದ್ರೆ?"

"ಬ್ಯಾರನ್ ಒಳಗೆ ಕಣವ್ವ. ಎಲೆ ಏರಿಸುವಾಗ ಅದನ್ನೂ ಏರಿಸ್ಬುಟ್ಟೆ. ನೀನು ಕೈ ಒಡಕೊಂಡು ಉಜ್ಜೋದು ನೋಡಕ್ಕಾಗ್ಲಿಲ್ಲ. ಬೆಂಕಿ ಬ್ಯಾಡ ಅಂದ್ಯಲ್ಲ, ಸೈ. ಬೆಂಕಿ ಎಲ್ಲದೆ ಅಲ್ಲಿ? ಬರೀ ಕಾವು. ಎಲೆ ನರದೊಳಗಿನ ನೀರನ್ನೇ ಎಳೆದು ತಗಿಯೋ ಕಾವು, ಬಣ್ಣ ಯಾವ ಲೆಕ್ಕ? ಕೆಳಗೆ ಒಲೆಯಿಂದ ಬರೋ ಕೊಳವೆ ಬಿಸಿ ತಗಲಬಾರ್ದು ಅಂತ ಎಲ್ಲಕ್ಕಿಂತ ಮೇಲಿನ ಅಟ್ಟಣೆಗೆ ಆಕಿದೀನಿ. ನೀನು ಬರೋದ್ರೊಳಗೆ ಸಿಪ್ಪೆ ಉದುರಿರ್ತದೆ ಅಂದ್ಕಂಡೆ."

ಅವನನ್ನು ಬಯ್ಯುವ ಹಾಗೂ ಇಲ್ಲ. ಆ ಸೀಮೆಯಲ್ಲಿ ಬ್ಯಾರನ್ನಿಗೆ ಹೋಗದ ವಸ್ತು ಯಾವುದಿದೆ? ಮಳೆಗೆ ನೆಂದ ಕಂಬಳಿ ಹೋಗುತ್ತದೆ, ಮದುವೆಗೆ ಒತ್ತಿದ ಹಪ್ಪಳ ಹೋಗುತ್ತದೆ, ಹಸಿ ಮರದ ನೊಗ ಹೋಗುತ್ತದೆ. ಸೊಂಟ ಹಿಡಿದ ಮುದುಕಿಯರು ಅದರ ಗೋಡೆಗೆ ಬೆನ್ನು ಕೊಟ್ಟು ಕೂತು ವಾಸಿಯಾದೆವು ಎನ್ನುತ್ತಾರೆ. ಬ್ಯಾರನ್ನಿನ ಕಾವು ಕೆಟ್ಟದ್ದು ಮಾಡೀತೆಂದು ಜವರಯ್ಯನಿಗೆ ಕನಸಿನಲ್ಲೂ ಹೊಳೆಯುವಂತಿರಲಿಲ್ಲ.

ಪುಟ್ಟಲಕ್ಷ್ಮಿ ಬ್ಯಾರನ್ನಿನ ಕಡೆ ತಿರುಗಿದಳು. "ಈಗ ಎಷ್ಟಿದೆ ಕಾವು?"

"ಎಲೆ ಒಣಗ್ತು. ಬೆಳಗ್ಗೆಯಿಂದ ನರ ಒಣಗಿಸೋ ಕಾವಿಗೆ ಆಕಿದೀನಿ. ಇನ್ನೂ ಏರಿಸ್ಬೇಕು."

ಅವಳು ಗೋಡೆ ಹಿಡಿದುಕೊಂಡೇ ಹೋಗಿ, ಥರ್ಮಾಮೀಟರ್ ನೋಡುವ ಪುಟ್ಟ ಕಿಟಕಿಗೆ ಕಣ್ಣಿಟ್ಟಳು. ಒಳಗಿನ ಕಾವು ಮುಖಕ್ಕೆ ರಾಚಿತು. ಸಾಲು ಸಾಲು ಕಡ್ಡಿಗಳಲ್ಲಿ ಎಲೆ ಬಂಗಾರದ ಬಣ್ಣಕ್ಕೆ ತಿರುಗಿ ತೂಗಿತ್ತು. ಅದರ ಸಂದಿನಲ್ಲಿ, ಮೇಲೆ, ಮಾಡಿನ ಹತ್ತಿರ, ಕೆಂಪನೆಯದೊಂದು ಕಾಣಿಸಿತು. ಬಾಗಿಲು ಚಪ್ಪಟೆಯಾಗಿ ಇರಲಿಲ್ಲ. ಎರಡು ಗಳುಗಳ ನಡುವೆ, ಒಣಗಲು ಹಾಕಿದ ಕಂಬಳಿಯ ಹಾಗೆ, ನಡು ಜೋತು ಕೆಳಗಿಳಿದಿತ್ತು.

ಅವಳು ಅಲ್ಲೇ ಕುಸಿದು ಕೂತಳು.

"ಏನಾಯ್ತವ್ವ?"

"ಕರಗ್ತಾ ಇದೆ ಅಪ್ಪಾ. ಇನ್ನೂ ಕಾವು ಏರಿದ್ರೆ ಮುದುರಿ ಮುದ್ದೆಯಾಗುತ್ತೆ. ಇನ್ನೊಂದು ಬಾಗಿಲು ಎಲ್ಲೂ ಸಿಕ್ಕಲ್ಲ. ಅದನ್ನ ಮಾಡೋ ಕಂಪನಿಯೇ ಮುಚ್ಚಿಹೋಗಿದೆ."

ಜವರಯ್ಯನ ನಗು ಮುಖದಲ್ಲೇ ನಿಂತುಬಿಟ್ಟಿತು. ಅದನ್ನು ತೆಗೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಕಿಟಕಿಗೆ ಹೋಗಿ ತಾನೂ ನೋಡಿದ. ತುಂಬಾ ಹೊತ್ತು ನೋಡಿದ.

ಮೊದಲು ಬಾಯಿ ಬಿಟ್ಟವನು ಚಿಕ್ಕಬಸಪ್ಪ. "ಅಪ್ಪಾ, ಈಗ್ಲೇ ಏಳ್ತೀನಿ. ಬ್ಯಾರನ್ ಬಾಗ್ಲು ತಗಿಯೋ ಮಾತು ಆಡ್ಬ್ಯಾಡ. ನರ ಅರ್ಧ ಒಣಗದೆ. ಈಗ ಗಾಳಿ ಬುಟ್ರೆ ನರದ ನೀರೆಲ್ಲ ತಿರುಗಿ ಎಲೆಗಿಳಿದು ಕರ್ರಗಾಯ್ತದೆ. ಅದೂ ಅಲ್ದೆ ಅದು ಮೇಲಿನ ಅಟ್ಟಣೆಲದೆ. ಕೆಳಗಿನ ಸಾಲೆಲ್ಲ ಕಿತ್ತು ಈಚೆಗೆ ಆಕ್ಬೇಕು. ಮುಟ್ಟಿದ್ರೆ ಪುಡಿ. ಗಿಡದ ಮಧ್ಯದ ಎಲೆ ಅಪ್ಪಾ, ಒಳ್ಳೆ ಬೆಲೆಯದು! ಮಗು ಸಾಕ್ದಂಗೆ ಸಾಕಿದೀವಿ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಚ್ಚಿದ ಬ್ಯಾರನ್ನನ್ನು ನಡುವೆ ತೆಗೆದವನೆಂದರೆ ಆ ಊರಿನಲ್ಲಿ ಹುಚ್ಚನೆಂದೇ ಅರ್ಥ. ಜವರಯ್ಯನ ಹೆಂಡತಿ ತೀರಿಕೊಂಡ ದಿನವೂ ಬ್ಯಾರನ್ ಉರಿಯುತ್ತಿತ್ತು. ಮಣ್ಣು ಮಾಡಿ ಬಂದು, ಅಳುತ್ತಲೇ ಒಲೆಗೆ ಸೌದೆ ಇಟ್ಟಿದ್ದ.

"ತೆಗೀಬೇಡ ಅಪ್ಪಾ," ಎಂದಳು ಪುಟ್ಟಲಕ್ಷ್ಮಿ.

ಇಬ್ಬರೂ ಅವಳ ಕಡೆ ತಿರುಗಿದರು.

"ಚಿಕ್ಕ ಹೇಳೋದು ಸರಿ. ಎಲ್ಲರ ದುಡಿಮೆ ಅದು. ಬುಡು, ನಾನು ಕೆಲಸ ಬಿಟ್ಟುಬಿಡ್ತೀನಿ. ಮನೇಲೇ ಇರ್ತೀನಿ." ಇಷ್ಟು ಹೇಳುವಾಗ ಗಟ್ಟಿಯಾಗಿಯೇ ಇದ್ದಳು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ದೊಡ್ಡವಳಾದ ಮೇಲೆ ಅವಳು ಅತ್ತದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಎಲೆ ಕಟ್ಟುವ ಚಪ್ಪರದಿಂದ ಓಡಿ ಬಂದ ಕೆಂಪಿ ಅವಳ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು.

ಜವರಯ್ಯ ಟವೆಲನ್ನು ತಲೆಗೆ ಬಿಗಿಯಾಗಿ ಸುತ್ತಿದ. ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಉರಿಯುತ್ತಿದ್ದ ಕೊರಡುಗಳನ್ನು ಒಂದೊಂದಾಗಿ ಈಚೆಗೆ ಎಳೆಯತೊಡಗಿದ.

"ಅಪ್ಪಾ! ಏನ್ ಮಾಡ್ತಿದೀಯ?"

"ನಾನು ಮಾಡಿದ್ದು ಕಣ್ಲಾ. ನಾನೇ ತಗೀತೀನಿ."

"ಎಲೆ?"

"ಓಗ್ಲಿ."

"ಓಗ್ಲಿ ಅಂದ್ರೆ? ನಾನು ಸೌದೆ ಕಡಿದಿಲ್ವ? ಇಡೀ ಕಾಲ ನಾನು ಇಲ್ಲೇ ಬಿದ್ದಿರಲಿಲ್ವ? ಅವಳೊಬ್ಳೇ ಏನು ನಿನ್ ಮಗಳು, ನಾನು ಯಾರು?" ಚಿಕ್ಕಬಸಪ್ಪ ಬ್ಯಾರನ್ನಿನ ಬಾಗಿಲಿಗೆ ಅಡ್ಡ ನಿಂತ.

ಜವರಯ್ಯ ಎದ್ದು ಮಗನ ಮುಂದೆ ಬಂದು ನಿಂತ. ಮಗ ಅವನಿಗಿಂತ ಒಂದು ಗೇಣು ಎತ್ತರ. "ನೀನೂ ಮಗನೇ ಕಣಪ್ಪ. ಇಲ್ಲ ಅಂತೀನಾ? ನಿನ್ನ ಕಷ್ಟಾನೂ ಸುಡ್ತಾ ಇದೀನಿ, ಗೊತ್ತು. ನಿಂಗೆ ನಾನು ಏನು ಏಳ್ಲಿ? ಎಲೆ ಬರೋ ವರ್ಷ ಬೆಳೀತದೆ. ಇವಳು ಮೂಲೆಗೆ ಕುಂತ್ರೆ ಮತ್ತೆ ಏಳಾಕಿಲ್ಲ. ಜಾಗ ಬುಡು."

ಚಿಕ್ಕಬಸಪ್ಪ ಜಾಗ ಬಿಡಲಿಲ್ಲ. ಆದರೆ ಜವರಯ್ಯ ಅವನ ಪಕ್ಕದಿಂದ ಕೈ ಹಾಕಿ ಅಗುಳಿ ಎತ್ತಿದಾಗ ತಡೆಯಲೂ ಇಲ್ಲ.

ಒಳಗಿನ ಕಾವು ಒಂದು ಸಲಕ್ಕೆ ಹೊರಗೆ ನುಗ್ಗಿತು. ಕೆಂಪಿ ಒಂದು ಕೊಡ ನೀರು ಜವರಯ್ಯನ ತಲೆಯ ಮೇಲೆ ಸುರಿದಳು. ಅವನು ಒದ್ದೆ ಗೋಣಿಯೊಂದನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಕೆಳಗಿನ ಸಾಲಿನ ಕಡ್ಡಿಗಳು ಒಂದೊಂದಾಗಿ ಹೊರಗೆ ಬಂದವು. ಕೆಂಪಿ ಇಸಿದುಕೊಂಡು ನೆಲಕ್ಕಿಟ್ಟಳು. ತಾಗಿದ ಕಡೆಯೆಲ್ಲಾ ಎಲೆ ಗರಗರ ಪುಡಿಯಾಯಿತು. ಪುಟ್ಟಲಕ್ಷ್ಮಿ ನೋಡಲಾರದೆ ಕಣ್ಣು ಮುಚ್ಚಿದಳು. ಮುಚ್ಚಿದರೂ ಸದ್ದು ಕೇಳಿಸಿತು.

ಜವರಯ್ಯ ಗಳು ಹಿಡಿದು ಹತ್ತತೊಡಗಿದ. ಆ ಮೇಲಿನ ಕಾವಿನಲ್ಲಿ ವಯಸ್ಸಿನ ಹುಡುಗರೇ ತಲೆತಿರುಗಿ ಬೀಳುತ್ತಾರೆ. ಕೆಳಗಿನಿಂದ ಅವನ ಕಾಲುಗಳಷ್ಟೇ ಕಾಣುತ್ತಿದ್ದವು. ಒಂದು ಗಳು, ಇನ್ನೊಂದು ಗಳು. ಆಮೇಲೆ ನಿಂತುಬಿಟ್ಟವು. ಮೀನಖಂಡ ನಡುಗುತ್ತಿತ್ತು.

"ಅಪ್ಪಾ?" ಎಂದಳು ಪುಟ್ಟಲಕ್ಷ್ಮಿ ಬಾಗಿಲಿನಿಂದ. "ಅಪ್ಪಾ, ಇಳಿದುಬಿಡು! ಬಾಗಿಲು ಹಾಳಾಗ್ಲಿ, ಇಳಿ!"

ಮೇಲಿನಿಂದ ಕೆಮ್ಮು ಮಾತ್ರ ಕೇಳಿಸಿತು.

"ಅಯ್ಯೋ ನಿನ್ ಮನೆ ಕಾಯ್ವಾಗ!" ಎಂದು ಚಿಕ್ಕಬಸಪ್ಪ ಅರಚಿದ. ಯಾರಿಗೆ ಅಂದನೋ, ಅಪ್ಪನಿಗೋ, ಅಕ್ಕನಿಗೋ, ದೇವರಿಗೋ. ಇನ್ನೊಂದು ಕೊಡವನ್ನು ತಾನೇ ಮೈಮೇಲೆ ಸುರಿದುಕೊಂಡು ಒಳಗೆ ನುಗ್ಗಿದ. ಎರಡೇ ನೆಗೆತಕ್ಕೆ ಮೇಲೆ ಹೋಗಿ, ಒಂದು ತೋಳಿನಲ್ಲಿ ಅಪ್ಪನ ಸೊಂಟ ಹಿಡಿದು ಗಳುವಿಗೆ ಒತ್ತಿಕೊಂಡ. "ನೀನು ಸುಮ್ನಿರು, ಮಿಸುಕಬ್ಯಾಡ. ನಾನು ತಗೀತೀನಿ. ಕೆಂಪೀ, ಇನ್ನೊಂದು ಗೋಣಿ ಕೊಡಮ್ಮಿ, ಬೇಗ!"

ಮೊದಲು ಬಂದದ್ದು ಬಾಗಿಲು, ಗೋಣಿಯಲ್ಲಿ ಸುತ್ತಿ. ಅದರ ಹಿಂದೆ ಜವರಯ್ಯ, ಮಗನ ಹೆಗಲ ಮೇಲೆ ಭಾರ ಬಿಟ್ಟುಕೊಂಡು, ಕಣ್ಣು ಮೇಲೆ ಮಾಡಿಕೊಂಡು. ಅವನನ್ನು ನೆರಳಿಗೆ ಕೂರಿಸಿ ಕೆಂಪಿ ನೀರು ಕುಡಿಸಿದಳು. ಬಾಗಿಲು ನೆಲದ ಮೇಲೆ ಬಿದ್ದಿತ್ತು, ನಡು ಬಾಗಿ, ತೊಟ್ಟಿಲಿನಂತೆ. ಬಣ್ಣವೇನೋ ಜವರಯ್ಯ ಹೇಳಿದ ಹಾಗೆಯೇ ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು. ಮೀಸೆಯ ಒಂದು ಕಡೆ ಉದುರಿ, ಆ ಮುಖ ಈಗಷ್ಟೇ ಯಾರ ಕೈಲೋ ಹೊಡೆತ ತಿಂದಂತೆ ಕಾಣುತ್ತಿತ್ತು.

ಪುಟ್ಟಲಕ್ಷ್ಮಿ ತೆವಳಿಕೊಂಡು ಹೋಗಿ ಗೋಣಿಯ ಮೇಲಿನಿಂದ ಒತ್ತಿ ನೋಡಿದಳು. ಬಾಗಿತು. ಇನ್ನೂ ಮೆತ್ತಗಿತ್ತು.

"ನೀರು ಹಾಕ್ಬೇಡಿ!" ಎಂದು ಕಿರುಚಿದಳು. "ಚಿಕ್ಕ, ಎತ್ತೋ! ಬಿಸಿ ಆರೋದ್ರೊಳಗೆ ಕಾರಿಗೆ ಸೇರಿಸು! ಚೌಕಟ್ಟಿಗೆ ಕೂತ್ರೆ ಅದರ ಆಕಾರಕ್ಕೇ ಬರುತ್ತೆ. ಎತ್ತೋ, ನಿನ್ನ ದಮ್ಮಯ್ಯ!"

ಚಿಕ್ಕಬಸಪ್ಪ ಎತ್ತಿದ. ಅವಳು ಕಾರಿನೊಳಗೆ ಹೇಗೆ ಹತ್ತಿದಳೋ, ಊರುಗೋಲು ಎಲ್ಲಿ ಬಿತ್ತೋ. ಅವನು ಹೊರಗಿನಿಂದ ಚೌಕಟ್ಟಿಗೆ ಹಿಡಿದ, ಅವಳು ಒಳಗಿನಿಂದ ತಿರುಪಿನ ತೂತು ಹುಡುಕಿ ತಿರುಪು ಹಾಕಿದಳು. ಕೈ ಸುಡುತ್ತಿತ್ತು, ಒಡೆದ ಬೆರಳುಗಳಂತೂ ಕಿತ್ತು ಬರುತ್ತಿದ್ದವು. ಮೇಲಂಚು ಕೂತಿತು. ನಡು ಮಾತ್ರ ಹೊರಕ್ಕೆ ಉಬ್ಬಿಕೊಂಡು ಮಾತು ಕೇಳಲಿಲ್ಲ.

"ಅತ್ಲಾಗೆ ಸರೀರ್ಲಾ," ಎಂಬ ದನಿ ಕೇಳಿಸಿತು. ಜವರಯ್ಯ ಎದ್ದು ಬಂದಿದ್ದ. ಒದ್ದೆ ಗೋಣಿ ಬೆನ್ನಿಗೆ ಹಾಕಿಕೊಂಡು, ಕಾಲು ನೆಲಕ್ಕೆ ಊರಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತು ನೂಕಿದ. ಒಳಗಿನಿಂದ ಪುಟ್ಟಲಕ್ಷ್ಮಿ ಹಲಗೆಯೊಂದನ್ನು ಅಡ್ಡ ಹಿಡಿದು, ಅತಿಯಾಗಿ ಒಳಕ್ಕೆ ಬರದಂತೆ ತಡೆದಳು. ಚಿಕ್ಕಬಸಪ್ಪ ಅಂಚುಗಳನ್ನು ಅಂಗೈಯಿಂದ ಒತ್ತುತ್ತಾ ಸುತ್ತು ಬಂದ. ಬಣ್ಣದ ಸಿಪ್ಪೆ ಅವರ ಮೈಮೇಲೆಲ್ಲಾ ಉದುರಿತು.

"ಸುಡ್ತಾ ಇದ್ಯಾ ಅಪ್ಪಾ?"

"ಇಲ್ಕಣವ್ವ."

"ಸುಳ್ಳು ಹೇಳಬೇಡ."

"ಸುಡ್ತದೆ. ಸುಟ್ರೆ ಸುಡ್ಲಿ ಬುಡು. ನೀನು ಒಳಗಿಂದ ಬಿಗಿಯಾಗಿ ಇಡ್ಕೊ."

ಬಿಸಿ ನಿಧಾನವಾಗಿ ಇಳಿಯಿತು. ಮೆತ್ತಗಿದ್ದದ್ದು ಬಿಗಿಯುವುದು ಪುಟ್ಟಲಕ್ಷ್ಮಿಯ ಕೈಗೆ ಗೊತ್ತಾಗುತ್ತಿತ್ತು, ಆದರೂ ಹಲಗೆ ಬಿಡಲು ಧೈರ್ಯ ಬರಲಿಲ್ಲ. ಚಿಕ್ಕಬಸಪ್ಪ ಕೈ ತೆಗೆದು, ಎದ್ದು, ಹೊರಗೆ ಬಿದ್ದಿದ್ದ ಸೊಪ್ಪಿನ ಕಡೆಗೆ ಹೋದ. ಬಂಗಾರದ ಎಲೆಯ ನಡುವೆ, ನರದ ಎರಡೂ ಬದಿಗೆ, ಕಪ್ಪು ಗೆರೆ ಆಗಲೇ ಇಳಿಯಲು ಶುರುವಾಗಿತ್ತು. ಅವನು ಒಂದು ಎಲೆ ಎತ್ತಿ ನೋಡಿ, ಕೆಳಗಿಟ್ಟು, ಉಳಿದ ಕಡ್ಡಿಗಳನ್ನು ಚಪ್ಪರದ ನೆರಳಿಗೆ ಹೊರತೊಡಗಿದ. ಕೆಂಪಿ ಬ್ಯಾರನ್ನಿನ ಬಾಗಿಲು ಮುಚ್ಚಿ ಒಲೆಗೆ ಕೊರಡು ಮತ್ತೆ ನೂಕಿದಳು. ಮೇಲಿನ ಸಾಲಾದರೂ ಉಳಿಯಲಿ ಎಂದು.

"ಏಳಪ್ಪ," ಎಂದಳು ಪುಟ್ಟಲಕ್ಷ್ಮಿ ಕೊನೆಗೆ. "ತೆಗೆದು ನೋಡ್ತೀನಿ."

"ತಡಿಯವ್ವ. ಇನ್ನೊಂದು ಗಳಿಗೆ."

"ತಣ್ಣಗಾಗಿದೆ ಅಪ್ಪಾ."

"ಗೊತ್ತು," ಎಂದ. ಆದರೂ ಏಳಲಿಲ್ಲ. ಅವನ ಬೆನ್ನು ಬಾಗಿಲಿನ ಆಚೆ ನಡುಗುತ್ತಿದ್ದುದು ಅವಳ ಅಂಗೈಗೆ ತಿಳಿಯುತ್ತಿತ್ತು. "ನಂಗೆ ಎದರಿಕೆ ಆಯ್ತದೆ ಕಣವ್ವ."

ಕೊನೆಗೂ ಎದ್ದ. ಅವಳು ಹಿಡಿ ತಿರುಗಿಸಿದಳು. ಬಾಗಿಲು ಕಿರ್ರೆಂದು, ಒಂದು ಕಡೆ ತುಸು ಉಜ್ಜಿಕೊಂಡು, ತೆರೆಯಿತು. ಮುಚ್ಚಿದಳು, ಕೂರಲಿಲ್ಲ. ಮತ್ತೆ ಎಳೆದಳು, ಕೂರಲಿಲ್ಲ. ಉಸಿರು ಬಿಗಿಹಿಡಿದು ಎರಡೂ ಕೈಯಲ್ಲಿ ಎಳೆದಳು. ಕಟಕ್ ಎಂದು ಕೂತಿತು. ಹೊರಗಿನಿಂದ ಜವರಯ್ಯ ಅಲುಗಿಸಿ ನೋಡಿದ. ಬಿಡಲಿಲ್ಲ. ಮೇಲಂಚಿನಲ್ಲಿ ಒಂದು ಬೆರಳು ತೂರುವಷ್ಟು ಸಂದು ಉಳಿದಿತ್ತು.

"ಮಳೆ ಬಂದ್ರೆ ನೀರು ಬತ್ತದೆ," ಎಂದ, ಸಂದಿಗೆ ಬೆರಳಿಟ್ಟು.

"ಬರ್ಲಿ."

ಬೆನ್ನ ಮೇಲಿನ ಗೋಣಿ ಒಣಗಿ ಅಂಗಿಗೆ ಅಂಟಿತ್ತು. ಜವರಯ್ಯ ಅದನ್ನು ಬಿಡಿಸಿಕೊಂಡು, ಸೊಪ್ಪು ಹೊರುತ್ತಿದ್ದ ಮಗನ ಕಡೆಗೆ ಒಂದು ಹೆಜ್ಜೆ ಇಟ್ಟ. ಹಿಂದೆ ಎಂಜಿನ್ ಗುಡುಗುಟ್ಟಿತು. ತಿರುಗಿ ನೋಡಿದರೆ ಪುಟ್ಟಲಕ್ಷ್ಮಿ ಆಚೆಯ ಸೀಟಿಗೆ ಸರಿದು, ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದಳು.

"ಹತ್ತಪ್ಪ."

"ನಾನಾ?"

"ಡಾಕ್ಟರ ಹತ್ರ ಹೋಗಾಣ. ಬೆನ್ನಿಗೆ ಏನಾದ್ರೂ ಹಚ್ಚಿಸ್ಕೊಂಡು ಬರಾಣ."

"ಇವ್ನೊಬ್ನೇ ಇದಾನಲ್ಲವ್ವ..."

"ಓಗು!" ಎಂದ ಚಿಕ್ಕಬಸಪ್ಪ ಚಪ್ಪರದಿಂದ, ತಲೆ ಎತ್ತದೆ. "ಓಗಿ ತೋರಿಸ್ಕಂಡು ಬಾ. ನಾನಿದೀನಿ."

ಜವರಯ್ಯ ಕಾರಿನ ಹತ್ತಿರ ಬಂದ. ತಲೆಯ ಟವೆಲು ಬಿಚ್ಚಿ ಎರಡೂ ಪಾದದ ಮಣ್ಣು ಒರೆಸಿಕೊಂಡ. ಬಾಗಿಲನ್ನು ಹಿಡಿದು ಒಳಗೆ ಬಗ್ಗಿ ನೋಡಿದ. ಒಂದು ಕಾಲು ಎತ್ತಿದ, ಸರಿಹೋಗಲಿಲ್ಲ, ಇಳಿಸಿದ. ಇನ್ನೊಂದು ಎತ್ತಿದ, ಅದೂ ಸರಿಹೋಗಲಿಲ್ಲ.

"ಯಾವ ಕಾಲು ಮೊದ್ಲು ಇಡ್ಬೇಕವ್ವ?" ಎಂದು ಕೇಳಿದ.

ಪುಟ್ಟಲಕ್ಷ್ಮಿ ಒಳಗಿನಿಂದ ಕೈ ಚಾಚಿದಳು.